ಎರಡು ಕಾರ್ಡ್, ಒಂದು ಬೇಸಿಗೆ

ಲಾಸ್ ಏಂಜಲೀಸ್, 2024

ಮಾರ್ಚ್ 5, ಮಂಗಳವಾರ

ಒಪ್ಪಿಕೊಂಡೆ. ಬೇಸಿಗೆ ಪೂರ್ತಿ ವಾರಾಂತ್ಯದ ಕಾರ್ಯಕ್ರಮಗಳು. ಹೆಚ್ಚಿನವು ಟೆಮೆಕ್ಯುಲಾದ ದ್ರಾಕ್ಷಿ ತೋಟಗಳಲ್ಲಿ, ಕೆಲವು ಲಾಂಗ್ ಬೀಚ್ ಕಡೆ. ಎಲ್ಲ ಸ್ಮೂತ್ ಜಾಝ್. ಬ್ಯಾಂಡಿನಲ್ಲಿ ಆಲ್ಟೊ ಸ್ಯಾಕ್ಸೊಫೋನ್ ನುಡಿಸುತ್ತಿದ್ದವನು ಊರು ಬಿಟ್ಟನಂತೆ. ಬ್ಯಾಂಡ್ ನಡೆಸುವವರು ಕೀಬೋರ್ಡ್ ನುಡಿಸುವ ಒಬ್ಬ ಹಿರಿಯಾಕೆ. ಫೋನಿನಲ್ಲಿ ಮಾತು ಕಡಿಮೆ. “ಬೀಬಾಪ್ ಕಲಿತವನಂತೆ. ಒಳ್ಳೆಯದೇ. ಬಾ, ನೋಡೋಣ.”

ಬಾಡಿಗೆಗಾಯಿತು. ಅದೊಂದೇ ಕಾರಣ ಎಂದು ಬರೆದರೆ ಸುಳ್ಳಾಗುತ್ತದೆ. ಈ ಸಂಗೀತ ಹುಟ್ಟಿ ಬೆಳೆದ ದೇಶದಲ್ಲಿದ್ದೂ ಅದನ್ನು ಕೂತು ಕೇಳಿದವನಲ್ಲ ನಾನು. ಕಾಲೇಜಿನಲ್ಲಿ ಪಾರ್ಕರ್, ರೋಲಿನ್ಸ್, ಕೋಲ್ಟ್ರೇನ್. ಒಂದೇ ಸಾಲನ್ನು ಹನ್ನೆರಡೂ ಶ್ರುತಿಗಳಲ್ಲಿ. ಈ ಸಂಗೀತದವರಾದ ಗ್ರೋವರ್ ವಾಷಿಂಗ್ಟನ್ ಜೂನಿಯರ್ ಹೆಸರು ಪಾಠದಲ್ಲಿ ಬಂದ ನೆನಪಿಲ್ಲ. ಯಾಕೆ ಬರಲಿಲ್ಲ ಎಂದು ನಮ್ಮಲ್ಲಿ ಯಾರೂ ಕೇಳಲೂ ಇಲ್ಲ.

ಮಾರ್ಚ್ 9, ಶನಿವಾರ

ಹಾಳೆಗಳು ಬಂದವು. ಟ್ಯೂನಿಗೆ ಒಂದೊಂದೇ ಪುಟ. ಒಂದರಲ್ಲಂತೂ ಎರಡೇ ಕಾರ್ಡ್: ಎ ಮೈನರ್ ನೈನ್, ಡಿ ಥರ್ಟೀನ್. ಮತ್ತೆ ಎ ಮೈನರ್, ಮತ್ತೆ ಡಿ. ಕೊನೆಯವರೆಗೂ ಅಷ್ಟೇ. ಜಿ ಬರುವುದೇ ಇಲ್ಲ.

ಈ ಎರಡು ಕಾರ್ಡ್ ಒಟ್ಟಿಗೆ ಕಂಡರೆ ನನ್ನ ಬೆರಳು ತಾವಾಗಿಯೇ ಜಿ ಕಡೆ ಓಡುತ್ತವೆ. ಎರಡು, ಐದು, ಒಂದು. ಕಲಿತ ವ್ಯಾಕರಣವೇ ಅದು. ಎರಡರಲ್ಲಿ ಎಳೆ, ಐದರಲ್ಲಿ ಬಿಗಿ, ಒಂದರಲ್ಲಿ ಬಿಡು. ಇಲ್ಲಿ ಬಿಡುವ ಜಾಗವನ್ನೇ ಬರೆದಿಲ್ಲ. ಹಾಗಾದರೆ ಸಾಲು ಎಲ್ಲಿ ಮುಗಿಯಬೇಕು?

ಬೆಳಗ್ಗೆ ಹಾಳೆ ಮುಂದಿಟ್ಟುಕೊಂಡು ನುಡಿಸಿದೆ. ಗೊತ್ತಿದ್ದ ಬದಲಿ ಕಾರ್ಡ್‌ಗಳೆಲ್ಲ ಬಂದು ಹೋದವು. ಮಧ್ಯಾಹ್ನದ ಹೊತ್ತಿಗೆ ಹೇಳಲು ಏನೂ ಉಳಿಯಲಿಲ್ಲ. ಕಾರ್ಡ್ ಇನ್ನೂ ಅವೇ ಎರಡು.

ಮಾರ್ಚ್ 14, ಗುರುವಾರ, ರಾತ್ರಿ

ಕೇಳುತ್ತಿದ್ದೇನೆ. ಗ್ರೋವರ್ ಅವರ ಮೊದಲ ಆಲ್ಬಂ ‘ಇನ್ನರ್ ಸಿಟಿ ಬ್ಲೂಸ್’, 1971. ಅದು ಹ್ಯಾಂಕ್ ಕ್ರಾಫರ್ಡ್ ನುಡಿಸಬೇಕಿದ್ದ ರೆಕಾರ್ಡಿಂಗ್. ಅವರಿಗೆ ಬರಲಾಗಲಿಲ್ಲ. ಜಾಗ ತುಂಬಿದವರು ಗ್ರೋವರ್. ಒಬ್ಬರು ಬಾರದೆ ಹೋದದ್ದಕ್ಕೆ ಇನ್ನೊಬ್ಬರ ಇಡೀ ಬದುಕು ತಿರುಗಿತು.

ಆಮೇಲೆ ‘ಮಿಸ್ಟರ್ ಮ್ಯಾಜಿಕ್’, 1975. ಒಂಬತ್ತು ನಿಮಿಷ. ಎರಿಕ್ ಗೇಲ್ ಗಿಟಾರ್, ಹಾರ್ವಿ ಮೇಸನ್ ಡ್ರಮ್ಸ್, ಬಾಬ್ ಜೇಮ್ಸ್ ವಾದ್ಯ ಸಂಯೋಜನೆ. ಎಲ್ಲಿ ಮುದ್ರಿಸಿದ್ದೆಂದು ನೋಡಿದೆ: ನ್ಯೂಜೆರ್ಸಿಯಲ್ಲಿ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೊ. 1964ರ ಡಿಸೆಂಬರಿನಲ್ಲಿ ಕೋಲ್ಟ್ರೇನ್ ‘ಎ ಲವ್ ಸುಪ್ರೀಂ’ ನುಡಿಸಿದ್ದೂ ಅಲ್ಲೇ. ಅದೇ ಸೂರು, ಅದೇ ಎಂಜಿನಿಯರ್. ನಡುವೆ ಸುಮಾರು ಹತ್ತು ವರ್ಷ.

ತರಗತಿಯಲ್ಲಿ ಇವೆರಡರ ನಡುವೆ ಒಂದು ಗೋಡೆ ಇತ್ತು. ಕಟ್ಟಿದವರು ಯಾರು?

ಮಾರ್ಚ್ 22, ಶುಕ್ರವಾರ

ಮೊದಲ ರಿಹರ್ಸಲ್. ಇಂಗಲ್‌ವುಡ್‌ನಲ್ಲಿ ಹಿರಿಯಾಕೆಯ ಮನೆಯ ಗ್ಯಾರೇಜು. ಗೋಡೆಗೆ ಹಳೆಯ ಕಂಬಳಿ ಹೊಡೆದಿದ್ದಾರೆ. ಎಲ್ಲರ ಕಿವಿಯಲ್ಲೂ ಇಯರ್‌ಫೋನ್, ಅದರಲ್ಲಿ ಕ್ಲಿಕ್.

ಎರಡು ಕಾರ್ಡಿನ ಟ್ಯೂನ್. ನನ್ನ ಸೋಲೋ ಬಂತು. ನುಡಿಸಿದೆ. ಹನ್ನೆರಡನೇ ಬಾರಿನಲ್ಲಿ ಅವರು ಕೀಬೋರ್ಡಿನಿಂದ ಕೈ ತೆಗೆದರು. ಡ್ರಮ್ಸ್ ನಿಂತಿತು.

“ಮೊದಲ ಎರಡು ಬಾರ್ ಚೆನ್ನಾಗಿತ್ತು. ಅದನ್ನೇ ಯಾಕೆ ಇಟ್ಟುಕೊಳ್ಳಲಿಲ್ಲ?”

“ಮತ್ತೆ ಅದನ್ನೇ ನುಡಿಸುವುದಾ?”

“ನಾವು ಇನ್ನೂ ಅದನ್ನು ಕೇಳುತ್ತಿದ್ದೆವು. ನೀನು ಆಗಲೇ ಹೊರಟು ಹೋಗಿದ್ದೆ.”

ಬಾಸ್ ನುಡಿಸುವವನು ತಲೆ ಎತ್ತಲಿಲ್ಲ. ಮತ್ತೆ ಶುರು ಮಾಡಿದೆವು. ಸ್ವರ ಕಡಿಮೆ ಮಾಡಿದೆ. ಕಡಿಮೆ ಆಯಿತೇ ಹೊರತು ಬೇರೆ ಆಗಲಿಲ್ಲ. ನಡುನಡುವೆ ಕಿತ್ತು ತೆಗೆದ ಬೀಬಾಪಿನಂತೆ ಕೇಳಿತು.

ಮಾರ್ಚ್ 23, ಶನಿವಾರ, ಬೆಳಗಿನ ಜಾವ

ನಿದ್ದೆ ಇಲ್ಲ. ಸಿಟ್ಟು ಬಂದಿದೆ. ಇಷ್ಟು ಕಲಿತದ್ದು ಸುಮ್ಮನಿರುವುದಕ್ಕಾ?

ಸಿಟ್ಟಿನ ಕೆಳಗೆ ಹೆದರಿಕೆಯೂ ಇದೆ. ವೇಗದಲ್ಲಿ ಹೋಗುವಾಗ ನನ್ನ ದನಿ ಹೇಗಿದೆ ಎಂದು ಯಾರಿಗೂ ಕೇಳಿಸುವುದಿಲ್ಲ. ನನಗೂ ಕೇಳಿಸುವುದಿಲ್ಲ. ಒಂದು ಸ್ವರ ಹಿಡಿದು ನಾಲ್ಕು ಬೀಟ್ ನಿಂತರೆ ಇರುವುದೆಲ್ಲ ಹೊರಗೆ ಬೀಳುತ್ತದೆ.

ಏಪ್ರಿಲ್ 2, ಮಂಗಳವಾರ

ಲಯದ ಕೆಲಸ. ಸ್ವಿಂಗಿನಲ್ಲಿ ಬೀಟು ಒಳಗೊಳಗೆ ಮೂರಾಗಿ ಒಡೆಯುತ್ತದೆ. ಮೊದಲ ಸ್ವರ ಉದ್ದ, ಎರಡನೆಯದು ಗಿಡ್ಡ. ಇಲ್ಲಿ ನಾಲ್ಕಾಗಿ ಒಡೆಯುತ್ತದೆ, ನಾಲ್ಕೂ ಸಮ. ತಿಶ್ರ ನಡೆಯಲ್ಲಿ ಬೆಳೆದ ಮೈ ಚತುರಶ್ರಕ್ಕೆ ಹೊರಳಬೇಕು. ಲೆಕ್ಕ ಗೊತ್ತಿದೆ, ಮೈಗೆ ಗೊತ್ತಿಲ್ಲ. ವಾಕ್ಯದ ಕೊನೆಗೆ ಬರುತ್ತಿದ್ದಂತೆ ಸ್ವಿಂಗ್ ತಾನಾಗಿ ನುಸುಳುತ್ತದೆ.

ಮೆಟ್ರೊನೋಮ್ 88ಕ್ಕೆ. ಮೊದಲು ಪ್ರತಿ ಬೀಟಿಗೆ ಕ್ಲಿಕ್. ಆಮೇಲೆ ಎರಡು ಮತ್ತು ನಾಲ್ಕಕ್ಕೆ ಮಾತ್ರ. ಆಮೇಲೆ ನಾಲ್ಕನೆಯದಕ್ಕೆ ಮಾತ್ರ. ಕ್ಲಿಕ್ ಕಡಿಮೆಯಾದಷ್ಟೂ ನನ್ನ ಜವಾಬ್ದಾರಿ ಹೆಚ್ಚು.

ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಸ್ವರ ಕ್ಲಿಕ್ಕಿನ ಮುಂದೆ ಬೀಳುತ್ತಿದೆ, ಕೂದಲೆಳೆಯಷ್ಟು. ಗ್ರೋವರ್ ಅವರದ್ದು ಕೂದಲೆಳೆಯಷ್ಟು ಹಿಂದೆ. ತಡವಲ್ಲ ಅದು. ತಡವಾದರೆ ಎಲ್ಲ ಕುಸಿಯುತ್ತದೆ. ಡ್ರಮ್ ಹೇಳಿ ಮುಗಿಸಲಿ ಎಂದು ಕಾದು ಆಮೇಲೆ ಮಾತಾಡುವ ಸೌಜನ್ಯ ಅದು.

ಏಪ್ರಿಲ್ 13, ಶನಿವಾರ, ರಾತ್ರಿ

ಪುತ್ತೂರಿನಲ್ಲಿ ಆಗಲೇ ಭಾನುವಾರ ಬೆಳಗ್ಗೆ, ವಿಷು. ಅಮ್ಮ ಕಣಿ ತೋರಿಸಿದರು: ಕನ್ನಡಿ, ಸೌತೆಕಾಯಿ, ಗೋಡಂಬಿ ಹಣ್ಣು, ಅಜ್ಜಿಯ ಸರ. ಮಹಾಲಿಂಗೇಶ್ವರ ದೇವರ ಜಾತ್ರೆಗೆ ಕೊಡಿ ಏರಿದೆ. ಸವಾರಿ ನಮ್ಮ ಕಟ್ಟೆಗೂ ಬರುತ್ತದಂತೆ.

“ಎಂತ ಮಗಾ, ಹೊಸ ಬ್ಯಾಂಡ್ ಅಂತ ಹೇಳಿದ್ದಿ, ಕೇಳಿಸು ನೋಡುವ.”

ರಿಹರ್ಸಲಿನ ರೆಕಾರ್ಡಿಂಗ್ ಹಾಕಿದೆ. ಪೂರ್ತಿ ಕೇಳಿದರು. ಬೀಬಾಪ್ ಹಾಕಿದರೆ ಅರ್ಧದಲ್ಲೇ ಒಲೆ ಮೇಲೆ ಏನೋ ಇಟ್ಟದ್ದು ನೆನಪಾಗುತ್ತಿತ್ತು.

“ಲಾಯ್ಕ ಉಂಟು. ಆದರೆ ಹಾಡುವವರು ಯಾವಾಗ ಶುರು ಮಾಡುದು?”

ಹಾಡುವವರು ಇಲ್ಲ ಅಮ್ಮ, ನಾನೇ ಎಂದೆ. “ಹೌದಾ,” ಎಂದರು. ಅಷ್ಟೇ.

ಫೋನ್ ಇಟ್ಟ ಮೇಲೆ ಮತ್ತೆ ಕೇಳಿದೆ. ಅಮ್ಮ ಹೇಳಿದ್ದು ಸರಿ. ಯಾರೋ ಬರಲಿ ಎಂದು ಜಾಗ ಹಿಡಿದು ಕೂತ ಹಾಗೆ ನುಡಿಸಿದ್ದೇನೆ.

ಏಪ್ರಿಲ್ 20, ಶನಿವಾರ

ಮೌತ್‌ಪೀಸ್ ತಕರಾರು. ನನ್ನದು ಕಪ್ಪು ಗಟ್ಟಿ ರಬ್ಬರಿನ ಮೇಯರ್ 5. ಬೀಬಾಪಿನವರಿಗೆ ಹಳೆಯ ಒಡನಾಡಿ. ಬೆಚ್ಚಗಿನ ದನಿ. ಆದರೆ ಎಲೆಕ್ಟ್ರಿಕ್ ಬಾಸ್, ಕೀಬೋರ್ಡು, ಗಿಟಾರ್ ಮೂರೂ ಸೇರಿದಾಗ ಅದು ಒಳಗೆಲ್ಲೋ ಮುಳುಗುತ್ತದೆ.

ಗಿಟಾರಿನವನು ಎಲ್ಲಿಂದಲೋ ಲೋಹದ ಡ್ಯೂಕಾಫ್ ತಂದುಕೊಟ್ಟ. ಆಲ್ಟೊ ವಾದಕ ಡೇವಿಡ್ ಸ್ಯಾನ್‌ಬೋರ್ನ್ ಬಳಸುವ ಜಾತಿಯದ್ದು. ಒಳಗಿನ ನೆಲ ಎತ್ತರಿಸಿದ್ದಾರೆ, ರೀಡಿಗೆ ತೀರ ಹತ್ತಿರ. ದಾರಿ ಕಿರಿದಾಗಿ ಗಾಳಿ ರಭಸವಾಗಿ ಹೋಗುತ್ತದೆ, ಮೇಲಿನ ಅನುಸ್ವರಗಳು ಎದ್ದು ಬರುತ್ತವೆ. ಮೊದಲ ಸ್ವರಕ್ಕೇ ಹಲ್ಲು ಜುಮ್ಮೆಂದಿತು. ಕೋಣೆ ಸಾಲಲಿಲ್ಲ.

ಹೊಳಪು ಇದೆ. ನಾನು ಇದ್ದೇನಾ ಗೊತ್ತಿಲ್ಲ. ಕೆಳಗಿನ ಸ್ವರಗಳು ಮಾತು ಕೇಳುತ್ತಿಲ್ಲ, ಶ್ರುತಿ ಜಾರುತ್ತಿದೆ. ಸಂಜೆ ಮತ್ತೆ ಮೇಯರ್ ಹಾಕಿದಾಗ ಅದು ಮಂಕಾಗಿ ಕೇಳಿತು. ಅದೇ ಹೆಚ್ಚು ಬೇಸರ ತಂದದ್ದು.

ಏಪ್ರಿಲ್ 27, ಶನಿವಾರ

ಹಳೆಯ ಕ್ವಾರ್ಟೆಟ್ಟಿನ ಗೆಳೆಯನ ಮೆಸೇಜು. ಕೆನ್ನಿ ಜಿ ಹೆಸರು ಎತ್ತಿದ್ದಾನೆ, ಜೊತೆಗೆ 1999ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ದನಿಯ ಮೇಲೆ ತನ್ನ ಸ್ಯಾಕ್ಸ್ ಸೇರಿಸಿದ ಆ ರೆಕಾರ್ಡಿನದ್ದು. ಗಿಟಾರ್ ವಾದಕ ಪ್ಯಾಟ್ ಮೆಥೀನಿಗೆ ಅದರ ಮೇಲೆ ಎಷ್ಟು ಸಿಟ್ಟಿತ್ತು ಎಂಬುದು ನಮ್ಮೆಲ್ಲರಿಗೂ ಬಾಯಿಪಾಠ.

ಉತ್ತರಿಸಲಿಲ್ಲ. ‘ಸಾಂಗ್‌ಬರ್ಡ್’ ಹಾಕಿಕೊಂಡು ಕೂತೆ. 1987ರಲ್ಲಿ ಅಮೆರಿಕದ ಪಾಪ್ ಪಟ್ಟಿಯ ನಾಲ್ಕನೇ ಸ್ಥಾನದವರೆಗೂ ಏರಿದ್ದು. ಮಾತಿಲ್ಲದ ಸಂಗೀತಕ್ಕೆ ಆ ಎತ್ತರ ಅಪರೂಪ. ಉಸಿರಿನ ಹಿಡಿತ ನಿಜ. ಸೊಪ್ರಾನೊದಂಥ ಹಟಮಾರಿ ವಾದ್ಯದಲ್ಲಿ ಆ ಶ್ರುತಿಯೂ ನಿಜ. ಆದರೂ ನಾನು ಹುಡುಕುತ್ತಿರುವುದು ಅಲ್ಲಿ ಸಿಗಲಿಲ್ಲ. ಗ್ರೋವರ್ ಅವರಲ್ಲಿ ಸಿಕ್ಕಿ ಇಲ್ಲಿ ಸಿಗದ್ದು ಏನು? ಒಂದು ಸ್ವರ ಕೊಂಚ ಒರಟಾಗುವ ಜಾಗವಾ? ಸರಿಯಾಗಿ ಹೇಳಲು ಬರುತ್ತಿಲ್ಲ.

ಮೇ 4, ಶನಿವಾರ

ಇವತ್ತು ಒಂದೇ ಸ್ವರ. ಸ್ಯಾನ್‌ಬೋರ್ನ್ ಅವರದ್ದು, ‘ಸ್ಟ್ರೈಟ್ ಟು ದ ಹಾರ್ಟ್’ ಆಲ್ಬಮ್ಮಿನಿಂದ. ಅರ್ಧ ವೇಗಕ್ಕೆ ಇಳಿಸಿ ಕೇಳಿದೆ.

ಸ್ವರ ನೇರವಾಗಿ ಬರುವುದಿಲ್ಲ. ಅರ್ಧ ಸ್ವರ ಕೆಳಗಿನಿಂದ ತುಟಿಯಲ್ಲೇ ಮೇಲೆತ್ತುತ್ತಾರೆ. ತಲುಪಿದ ಕೂಡಲೇ ಮೇಲಿನ ಸ್ವರವನ್ನು ಸುಮ್ಮನೆ ಸೋಕುತ್ತಾರೆ. ಮತ್ತೆ ಇಳಿದು ನಿಲ್ಲುತ್ತಾರೆ, ಕದಲದೆ. ಬಿಡುವ ಮುಂಚೆ ಮಾತ್ರ ಸಣ್ಣ ಅಲುಗಾಟ. ಹಾಳೆಯಲ್ಲಿ ಬರೆದರೆ ಒಂದು ಬೀಟಿನ ಸ್ವರ. ಬೇರೇನೂ ಇಲ್ಲ.

ಇದನ್ನು ನಾನು ಮೊದಲೇ ಬಲ್ಲೆ. ಕದ್ರಿ ಗೋಪಾಲನಾಥ್ ಅವರಿಂದ ಬಲ್ಲೆ. ನಮ್ಮ ಕಡೆ ಸ್ಯಾಕ್ಸೊಫೋನ್ ಎಂದರೆ ದೇವಸ್ಥಾನ, ಮದುವೆ ಚಪ್ಪರ; ನಾಗಸ್ವರದ ಜಾಗದಲ್ಲಿ ಕೂತ ವಾದ್ಯ. ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿದ ಸಜೀಪದ ಗೋಪಾಲನಾಥ್, ಕೀಲಿಗಳಿರುವ ಲೋಹದ ವಾದ್ಯವನ್ನು ಗಮಕಕ್ಕೆ ಒಗ್ಗಿಸಿದರು. ಕಾಲೇಜಿನಲ್ಲಿದ್ದಾಗ ‘ಕಿನ್ಸ್‌ಮೆನ್’ ಕೇಳಿದ್ದೆ, 2008ರದ್ದು, ರುದ್ರೇಶ್ ಮಹಾಂತಪ್ಪ ಅವರ ಜೊತೆ ಕದ್ರಿಯವರು. ಆಗ ನನ್ನ ಕಿವಿ ಪೂರ್ತಿ ರುದ್ರೇಶ್ ಅವರ ಓಟದ ಹಿಂದೆ ಹೋಗಿತ್ತು. ಇವತ್ತು ಮತ್ತೆ ಹಾಕಿ ಕದ್ರಿಯವರು ಒಂದು ಸ್ವರಕ್ಕೆ ಹೇಗೆ ಬರುತ್ತಾರೆ ಎಂದಷ್ಟೇ ಕೇಳಿದೆ.

ಎರಡೂ ಒಂದೇ ಎಂದು ಬರೆಯಲಾರೆ. ಗಮಕಕ್ಕೆ ರಾಗದ ಕಟ್ಟುಪಾಡು ಇದೆ, ಇದಕ್ಕೆ ಬ್ಲೂಸಿನದ್ದು. ಆದರೆ ಕಂಠವನ್ನು ಹಿಂಬಾಲಿಸುವುದು ಎರಡರಲ್ಲೂ ಇದೆ.

ಮೇ 13, ಸೋಮವಾರ

ಸ್ಯಾನ್‌ಬೋರ್ನ್ ಹೋಗಿಬಿಟ್ಟರು. ನಿನ್ನೆ. ಎಪ್ಪತ್ತೆಂಟು ವರ್ಷ. ಕ್ಯಾನ್ಸರ್ ಇತ್ತು.

ಅವರ ಒಂದೇ ಸ್ವರದ ಜೊತೆ ಇಷ್ಟು ಹೊತ್ತು ಕಳೆದ ಮೇಲೆ ಈ ಸುದ್ದಿ ತೀರ ಹತ್ತಿರದವರದ್ದೆನಿಸುತ್ತಿದೆ. ಅಂಥ ಹಕ್ಕು ನನಗಿಲ್ಲ. ಆದರೂ ಅನಿಸುತ್ತಿದೆ.

ಸೇಂಟ್ ಲೂಯಿಸ್ ಹತ್ತಿರ ಬೆಳೆದವರು. ಮೂರನೇ ವಯಸ್ಸಿನಲ್ಲಿ ಪೋಲಿಯೊ. ಶ್ವಾಸಕೋಶ ಬಲಗೊಳ್ಳಲಿ ಎಂದು ಊದುವ ವಾದ್ಯ ಕೊಡಿಸಲು ಹೇಳಿದ್ದು ವೈದ್ಯರು. ಹದಿಹರೆಯದಲ್ಲೇ ಆಲ್ಬರ್ಟ್ ಕಿಂಗ್ ಜೊತೆ ಬ್ಲೂಸ್. ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ದನಿ ರೇ ಚಾರ್ಲ್ಸ್ ಬ್ಯಾಂಡಿನ ಆಲ್ಟೊ ವಾದಕ ಹ್ಯಾಂಕ್ ಕ್ರಾಫರ್ಡ್ ಅವರದ್ದು. ಮತ್ತೆ ಕ್ರಾಫರ್ಡ್. ಗ್ರೋವರ್ ಅವರಿಗೆ ದಾರಿ ತೆರೆದದ್ದು ಅವರ ಗೈರುಹಾಜರಿ, ಸ್ಯಾನ್‌ಬೋರ್ನ್ ಅವರಿಗೆ ಅವರ ದನಿ. ನಮ್ಮ ಕಾಲೇಜಿನ ಪಟ್ಟಿಯಲ್ಲಿ ಈ ಹೆಸರೂ ಇರಲಿಲ್ಲ.

ಸ್ಮೂತ್ ಎಂಬ ಹಣೆಪಟ್ಟಿ ಸ್ಯಾನ್‌ಬೋರ್ನ್ ಅವರಿಗೆ ಹಿಡಿಸುತ್ತಿರಲಿಲ್ಲ. 1988ರಲ್ಲಿ ಶುರುವಾದ ಅವರ ಟಿವಿ ಕಾರ್ಯಕ್ರಮದಲ್ಲಿ ಸನ್ ರಾ ಬಂದು ನುಡಿಸಿದ್ದಾರೆ, ಸೋನಿ ರೋಲಿನ್ಸ್ ಬಂದು ನುಡಿಸಿದ್ದಾರೆ. ಅವರಿಗೆ ಗೋಡೆ ಕಾಣಿಸಿದ ಹಾಗಿಲ್ಲ.

ಇವತ್ತು ಅಭ್ಯಾಸ ಮಾಡಲಿಲ್ಲ.

ಮೇ 19, ಭಾನುವಾರ

ರಿಹರ್ಸಲ್ ಮುಗಿದ ಮೇಲೆ ಹಿರಿಯಾಕೆ ಊಟಕ್ಕೆ ನಿಲ್ಲಿಸಿಕೊಂಡರು. ಮೊದಲ ಬಾರಿ ಹೆಚ್ಚು ಮಾತಾಡಿದರು. ಚರ್ಚಿನಲ್ಲಿ ಆರ್ಗನ್ ನುಡಿಸುತ್ತ ಬೆಳೆದವರು. ಹಾರ್ಡ್ ಬಾಪ್ ಕಂಠಪಾಠ. ನಡುವೆ ಎದ್ದು ಹೋಗಿ ಹೊರೇಸ್ ಸಿಲ್ವರ್ ಟ್ಯೂನೊಂದನ್ನು ನಿಂತುಕೊಂಡೇ ನುಡಿಸಿ ಬಂದರು.

“ನಾವು ಅದನ್ನು ಬಿಟ್ಟು ಬಂದವರು ಅಂತ ನಿನಗೆ ಕಲಿಸಿದ್ದಾರೆ. ವೆಸ್ ಮಾಂಟ್ಗೊಮೆರಿ ಎಲ್ಲಿಂದ ಬಂದರು? ಬೆನ್ಸನ್? ಮ್ಯಾಂಜಿಯೋನೆ ಆರ್ಟ್ ಬ್ಲೇಕಿ ಬ್ಯಾಂಡಿನಲ್ಲಿದ್ದವರು.”

ಆಮೇಲೆ ರೇಡಿಯೊದ ಕಥೆ. 1987ರ ಫೆಬ್ರುವರಿ 14ರಂದು ಇಲ್ಲಿ 94.7ರಲ್ಲಿ ‘ದ ವೇವ್’ ಶುರುವಾದದ್ದು, ರಾಕ್ ಸ್ಟೇಷನ್ ಮುಚ್ಚಿ. ಶುರುವಿನಲ್ಲಿ ನಡುವೆ ಮಾತಾಡುವವರೂ ಇರಲಿಲ್ಲ. ಹಾಡಿನ ತುಣುಕುಗಳನ್ನು ಜನರಿಗೆ ಕೇಳಿಸಿ, ಅವರು ಮೆಚ್ಚಿದ್ದನ್ನೇ ಸುತ್ತಿ ಸುತ್ತಿ ಹಾಕುತ್ತಿದ್ದ ಕಾಲ ಅದು. ಜನ ಬೆಚ್ಚುವ ಯಾವುದೂ ಉಳಿಯಲಿಲ್ಲ. ಮೊದಲು ಹೋದದ್ದು ಸೋಲೋ. 2008ರಲ್ಲಿ ನ್ಯೂಯಾರ್ಕಿನ ಸ್ಟೇಷನ್ ಹೋಯಿತು, 2009ರಲ್ಲಿ ಶಿಕಾಗೊದ್ದು.

“ನಿನ್ನ ಗೆಳೆಯರು ಬಯ್ಯುವುದು ಆ ರೇಡಿಯೊವನ್ನು. ಬಯ್ಯಲಿ. ನಾನೂ ಬಯ್ದಿದ್ದೇನೆ. ಆದರೆ ನನ್ನ ಮಕ್ಕಳ ಓದು ಅದರಿಂದಲೇ ಆದದ್ದು.”

ಎರಡನ್ನೂ ಒಂದೇ ದನಿಯಲ್ಲಿ ಹೇಳಿದರು. ನನಗೆ ಯಾವ ಕಡೆ ನಿಲ್ಲಬೇಕೆಂದು ತಿಳಿಯಲಿಲ್ಲ.

ಜೂನ್ 1, ಶನಿವಾರ, ಮಧ್ಯರಾತ್ರಿ ದಾಟಿದೆ

ಟೆಮೆಕ್ಯುಲಾ. ಮೊದಲ ಕಾರ್ಯಕ್ರಮ. ಮಧ್ಯಾಹ್ನ ಸೌಂಡ್ ಚೆಕ್ ಹೊತ್ತಿಗೆ ಕಾದ ಹಿತ್ತಾಳೆ, ಶ್ರುತಿ ಏರಿತ್ತು. ಕೀಬೋರ್ಡು ಅಲುಗುವುದಿಲ್ಲ, ನಾನೇ ಇಳಿಯಬೇಕು. ಸಂಜೆ ಗುಡ್ಡಗಳ ಸಂದಿಯಿಂದ ಕಡಲಿನ ಗಾಳಿ ನುಗ್ಗಿತು, ಶ್ರುತಿ ಇಳಿಯಿತು. ಮೌತ್‌ಪೀಸನ್ನು ಒಳಗೆ ಹೊರಗೆ ಸರಿಸುತ್ತಲೇ ಇದ್ದೆ. ಕೊನೆಗೂ ಹಾಕಿದ್ದು ಡ್ಯೂಕಾಫ್.

ಬಂದವರಲ್ಲಿ ಹೆಚ್ಚಿನವರು ಐವತ್ತು ದಾಟಿದ ಕಪ್ಪು ಜನರು. ಜೋಡಿಜೋಡಿಯಾಗಿ, ಚೆನ್ನಾಗಿ ಉಡುಪು ಧರಿಸಿ. ‘ಮಿಸ್ಟರ್ ಮ್ಯಾಜಿಕ್’ ಬಾಸ್ ಶುರುವಾದದ್ದೇ ತಡ, ಅರ್ಧ ಜನ ಎದ್ದು ನಿಂತರು. ಮುಂದಿನ ಸಾಲಿನ ಹೆಂಗಸೊಬ್ಬರು ನಾನು ನುಡಿಸುವ ಮೊದಲೇ ಸಾಲನ್ನು ಹಾಡಿದರು, ಕಣ್ಣು ಮುಚ್ಚಿಕೊಂಡು. ನಾನು ಅವರ ಹಿಂದೆ ಹೋದೆ. ಅವರು ಉಸಿರು ತೆಗೆದುಕೊಂಡಲ್ಲಿ ನಾನೂ ತೆಗೆದುಕೊಂಡೆ. ಸ್ವರ ಕ್ಲಿಕ್ಕಿನ ಹಿಂದೆ ಬಿತ್ತು. ಯೋಚಿಸದೆ ಬಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಒಬ್ಬರು ಬಂದು ಕೈ ಹಿಡಿದರು. ವಾಷಿಂಗ್ಟನ್ನಿನಲ್ಲಿ ಹುಟ್ಟಿದವರಂತೆ. ಹಾವರ್ಡ್ ವಿಶ್ವವಿದ್ಯಾಲಯದ ರೇಡಿಯೊದಲ್ಲಿ 1976ರಿಂದ ರಾತ್ರಿ ಹೊತ್ತು ಬರುತ್ತಿದ್ದ ‘ಕ್ವಯಟ್ ಸ್ಟಾರ್ಮ್’ ಬಗ್ಗೆ ಹೇಳಿದರು. ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಅಡುಗೆಮನೆಯಲ್ಲಿ ಅದನ್ನು ಕೇಳುತ್ತ ಉಣ್ಣುತ್ತಿದ್ದರಂತೆ. ನಾನು ಹೇಗೆ ನುಡಿಸಿದೆ ಎಂಬ ಮಾತು ಬರಲೇ ಇಲ್ಲ. ಬಾರದೆ ಇದ್ದದ್ದು ಹಿತವೆನಿಸಿತು.

ಜೂನ್ 2, ಭಾನುವಾರ

ರೆಕಾರ್ಡಿಂಗ್ ಕೇಳಿದೆ. ನಿನ್ನೆ ರಾತ್ರಿಯ ಖುಷಿ ಪೂರ್ತಿ ಉಳಿಯಲಿಲ್ಲ. ‘ಮಿಸ್ಟರ್ ಮ್ಯಾಜಿಕ್’ ಚೆನ್ನಾಗಿದೆ. ಉಳಿದ ಕಡೆ ಮುತುವರ್ಜಿ ಜಾಸ್ತಿ, ಹೆಜ್ಜೆ ಎಣಿಸಿ ನಡೆದ ಹಾಗೆ. ಕಡಿಮೆ ನುಡಿಸುವುದಕ್ಕೂ ಹೇಳಲು ಇರುವುದಕ್ಕೂ ವ್ಯತ್ಯಾಸ ಇದೆ.

ಆ ಹೆಂಗಸು ಹಾಡದೆ ಇದ್ದಿದ್ದರೆ?

ಜೂನ್ 20, ಗುರುವಾರ

ಲೀಮರ್ಟ್ ಪಾರ್ಕಿನ ವರ್ಲ್ಡ್ ಸ್ಟೇಜ್‌ನಲ್ಲಿ ಜಾಮ್. ಬಹಳ ದಿನವಾಗಿತ್ತು. ಬಿಲ್ಲಿ ಹಿಗ್ಗಿನ್ಸ್ ಅವರು ಕವಿ ಕಮಾವು ದಾವೂದ್ ಜೊತೆ 1989ರಲ್ಲಿ ಕಟ್ಟಿದ ಜಾಗ. ಆರ್ನೆಟ್ ಕೋಲ್ಮನ್ ಹಿಂದೆ ಡ್ರಮ್ಸ್ ನುಡಿಸಿದ ಹಿಗ್ಗಿನ್ಸ್ ಅವರೇ ಲೀ ಮೋರ್ಗನ್ ಅವರ ‘ದ ಸೈಡ್‌ವೈಂಡರ್’ ಗ್ರೂವ್ ನುಡಿಸಿದವರು. ಅಲ್ಲಿಗೆ ಹೋದಾಗಲೆಲ್ಲ ಇದು ಗೊತ್ತಿತ್ತು. ಇವತ್ತು ಅದರ ತೂಕ ತಿಳಿಯಿತು.

‘ಚೆರೋಕೀ’ ಕರೆದರು, 280ರ ವೇಗದಲ್ಲಿ. ನಡುಭಾಗ ಬಂತು: ಬಿ, 'ಎ', ಜಿ ಎಂದು ಮೆಟ್ಟಿಲಿಳಿಯುವ ಜಾಗ. ಜಿ-ಗೆ ಇಳಿಯುವ ಮೊದಲು ಎ ಮೈನರ್, ಡಿ ಸೆವೆನ್. ನಾನು ಇಷ್ಟು ದಿನ ಒಳಗೆ ಕೂತಿದ್ದ ಅವೇ ಎರಡು ಕಾರ್ಡ್. ಎರಡು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ದಾಟಿಹೋದವು. ದಾಟುವಾಗ ಅವುಗಳ ಪರಿಚಯ ಇದೆ ಎನಿಸಿತು. ಒಂದೇ ಸ್ವರ ಹಿಡಿದು ಎರಡನ್ನೂ ಕಳೆದೆ.

ಇಳಿದ ಮೇಲೆ ಪಿಯಾನೊದವನು “ಅಲ್ಲಿ ಏನು ಮಾಡಿದೆ? ಚೆನ್ನಾಗಿತ್ತು” ಎಂದ. ಟೆನರ್ ನುಡಿಸುವ ಗೆಳೆಯ ಬೇರೆ ಹೇಳಿದ: “ಕೈ ನಿಧಾನ ಆಗಿದೆ ನಿಂದು.” ಇಬ್ಬರೂ ಅದೇ ಜಾಗದ ಬಗ್ಗೆ ಹೇಳಿದ್ದು.

ಜುಲೈ 6, ಶನಿವಾರ

ಕಾರಿನಲ್ಲಿ ವಾಪಸ್ಸಾಗುತ್ತ ಡ್ರಮ್ಮರ್ ಜೊತೆ ವಾದ. ‘ಮಿಸ್ಟರ್ ಮ್ಯಾಜಿಕ್’ ಸೋಲೋದಲ್ಲಿ ಗ್ರೋವರ್ ಅವರ ಸ್ವರಗಳನ್ನೇ ನುಡಿಸಬೇಕಾ, ನನ್ನದನ್ನಾ?

ಜಾಝ್ ಕಲಿತವನಿಗೆ ಇದು ಪ್ರಶ್ನೆಯೇ ಅಲ್ಲ. ಬೇರೆಯವರ ಸೋಲೋವನ್ನು ಮನೆಯಲ್ಲಿ ಕಲಿ, ವೇದಿಕೆಯಲ್ಲಿ ನುಡಿಸಬೇಡ. ಆದರೆ ಇಲ್ಲಿ ಆ ಸೋಲೋ ಜನರ ಬಾಯಲ್ಲಿದೆ. ಅದರ ಒಂದು ಸಾಲನ್ನು ಇವತ್ತು ಬದಲಿಸಿದೆ. ಎದುರಿಗಿದ್ದ ಮುಖಗಳು ಒಂದು ಕ್ಷಣ ಕಾದು ಸುಮ್ಮನಾದವು.

ಡ್ರಮ್ಮರ್ ಹೇಳುತ್ತಾನೆ: ಮೊದಲ ಎಂಟು ಬಾರ್ ಅವರದ್ದು ನುಡಿಸು, ಆಮೇಲೆ ನಿನ್ನದು. ಒಳ್ಳೆಯ ರಾಜಿ. ಆದರೆ ಆ ಎಂಟು ಬಾರ್ ಗ್ರೋವರ್ ಅವರ ಹಾಗೆ ನುಡಿಸಿದರೆ ನಕಲು, ನನ್ನ ಹಾಗೆ ನುಡಿಸಿದರೆ ಅದು ಅವರದ್ದು ಹೇಗೆ? ಕೃತಿಯನ್ನು ಕಲಿತ ಪಾಠದಂತೆಯೇ ಹಾಡಿ, ಅದರಲ್ಲೂ ತನ್ನತನ ಉಳಿಸಿಕೊಳ್ಳುವವರು ನಮ್ಮಲ್ಲಿ ಇದ್ದಾರೆ. ಅವರಿಗೆ ಇದು ಕಷ್ಟ ಎನಿಸಲಿಕ್ಕಿಲ್ಲ.

ಜುಲೈ 21, ಭಾನುವಾರ

ದಣಿವು. ನಿನ್ನೆ ಅದೇ ಪಟ್ಟಿ, ಅದೇ ಕ್ರಮ. ಬ್ಯಾಂಡಿನಲ್ಲಿ ಇಲ್ಲದ ವಾದ್ಯಗಳ ಪದರ ಲ್ಯಾಪ್‌ಟಾಪಿನಿಂದ ಬರುವುದರಿಂದ ಸೋಲೋ ಒಂದು ಬಾರ್ ಕೂಡ ಮುಂದಕ್ಕೆ ಬೆಳೆಯುವಂತಿಲ್ಲ. ಹದಿನಾರು ಎಂದರೆ ಹದಿನಾರು. ಹದಿನಾಲ್ಕನೆಯದರಲ್ಲಿ ಏನೋ ತೆರೆದುಕೊಳ್ಳುತ್ತಿತ್ತು. ಡ್ರಮ್ಮರ್‌ಗೂ ಗೊತ್ತಾಯಿತು, ನನ್ನ ಕಡೆ ನೋಡಿದ. ಟ್ರ್ಯಾಕ್ ಕಾಯಲಿಲ್ಲ.

ಮನೆಗೆ ಬಂದು ಕೋಲ್ಟ್ರೇನ್ ಅವರ ‘ಚೇಸಿನ್ ದ ಟ್ರೇನ್’ ಹಾಕಿದೆ. 1961, ವಿಲೇಜ್ ವ್ಯಾನ್‌ಗಾರ್ಡ್, ಹದಿನಾರು ನಿಮಿಷ. ಅವರಿಗೆ ನಿಮಿಷ, ನನಗೆ ಬಾರ್. ಕಣ್ಣಲ್ಲಿ ನೀರು ಬಂತು. ಅಪಾಯ ಇಲ್ಲದ ಜಾಗದಲ್ಲಿ ಎಷ್ಟು ದಿನ ಇರಬಹುದು?

ಬೆಳಗ್ಗೆ ಬಾಬ್ ಜೇಮ್ಸ್ ಬಗ್ಗೆ ಯೋಚಿಸುತ್ತಿದ್ದೆ. 1965ರಲ್ಲಿ ಅವರು ಮಾಡಿದ ‘ಎಕ್ಸ್‌ಪ್ಲೋಷನ್ಸ್’ ಅಪ್ಪಟ ಪ್ರಯೋಗ. ಆಮೇಲೆ ಈ ಕಡೆ ಬಂದರು. ಹೊರಳುವಾಗ ಏನನ್ನು ಜೊತೆಗೆ ತಂದರು, ಏನನ್ನು ಅಲ್ಲೇ ಇಟ್ಟು ಬಂದರು?

ಆಗಸ್ಟ್ 3, ಶನಿವಾರ

ಲ್ಯಾಪ್‌ಟಾಪ್ ಬಿಸಿಲಿಗೆ ಕಾದು ಕೈಕೊಟ್ಟಿತು. ಟ್ರ್ಯಾಕ್ ಇಲ್ಲ, ಕ್ಲಿಕ್ ಇಲ್ಲ. ಹಿರಿಯಾಕೆ ಕಿವಿಯಿಂದ ಇಯರ್‌ಫೋನ್ ಕಿತ್ತು ಆರ್ಗನ್ ದನಿಗೆ ಬದಲಿಸಿದರು. ಎರಡು ಕಾರ್ಡಿನ ಟ್ಯೂನ್ ಎಲ್ಲಿಗೆ ಬೇಕೋ ಅಲ್ಲಿಗೆ ಹೋಯಿತು. ನಾನು ಒಂದು ಸಾಲು ನುಡಿಸಿ ನಿಂತೆ. ಅವರು ಅದಕ್ಕೆ ಉತ್ತರ ಕೊಟ್ಟರು. ಮತ್ತೆ ಅದೇ ಸಾಲು, ಕೊನೆಯ ಸ್ವರ ಮಾತ್ರ ಬೇರೆ. ಮತ್ತೆ ಉತ್ತರ. ಜನ ಅವರ ಕಡೆ ಕೂಗಿದರು, ಚರ್ಚಿನಲ್ಲಿ ಕೂಗುವ ಹಾಗೆ.

ಎಷ್ಟು ಹೊತ್ತು ನಡೆಯಿತೋ. ಒಂದು ಕಡೆ ಬೀಬಾಪಿನ ಉದ್ದನೆಯ ಓಟವೂ ಬಂತು, ನಾಲ್ಕು ಬಾರ್, ತಡೆಯದೆ. ಅವರು ಕೈ ತೆಗೆಯಲಿಲ್ಲ. ನಕ್ಕರು.

ಮುಂದಿನ ವಾರಕ್ಕೆ ಲ್ಯಾಪ್‌ಟಾಪ್ ರಿಪೇರಿ ಆಗುತ್ತದೆ.

ಆಗಸ್ಟ್ 11, ಭಾನುವಾರ

ಸೆಪ್ಟೆಂಬರ್ ಮೊದಲ ಭಾನುವಾರ ಕೊನೆಯ ಕಾರ್ಯಕ್ರಮ. ನಿನ್ನದೇ ಒಂದು ಟ್ಯೂನ್ ತಾ ಎಂದಿದ್ದಾರೆ ಹಿರಿಯಾಕೆ.

ವಾದ್ಯ ಮುಟ್ಟದೆ ಬರೆದೆ. ಹಾಡಿಕೊಂಡೆ, ಪಾತ್ರೆ ತೊಳೆಯುತ್ತ, ನಡೆಯುತ್ತ. ಎಂಟು ಬಾರ್. ನನ್ನ ಕಂಠಕ್ಕೆ ನಿಲುಕುವ ಆರು ಸ್ವರಗಳ ಒಳಗೇ ಇದೆ. ಎ ಮೈನರ್, ಡಿ. ಆದರೆ ಏಳನೇ ಬಾರಿನಲ್ಲಿ ಡಿ ಬದಲು ಎ ಫ್ಲ್ಯಾಟ್ ಸೆವೆನ್ ಇಟ್ಟಿದ್ದೇನೆ. ಬೀಬಾಪಿನ ಹಳೆಯ ಬದಲಿ. ಮೇಲೆ ಹಾಡಿನ ಸ್ವರ ‘ಡಿ’ ಕದಲುವುದಿಲ್ಲ, ಅದೇ ಉದ್ದ, ಅದೇ ಮೆಲುಪು. ಕೆಳಗಿನ ನೆಲ ಮಾತ್ರ ಸರಿಯುತ್ತದೆ. ಒಂದು ಸ್ವರವೂ ಹೆಚ್ಚಿಲ್ಲ, ಕಲಿತದ್ದೂ ಅಲ್ಲಿದೆ.

ಅಮ್ಮನಿಗೆ ಕಳಿಸಿಲ್ಲ ಇನ್ನೂ.

ಆಗಸ್ಟ್ 14, ಬುಧವಾರ

ರಿಹರ್ಸಲ್. ಹಿರಿಯಾಕೆಗೆ ಟ್ಯೂನ್ ಹಿಡಿಸಿತು, ಏಳನೇ ಬಾರ್ ಹಿಡಿಸಲಿಲ್ಲ. “ಎಲ್ಲರೂ ಒಟ್ಟಿಗೆ ತೂಗುತ್ತಿದ್ದೇವೆ. ಅಲ್ಲಿ ಬಂದು ಎಡವುತ್ತೇವೆ. ಡಿ ಇಡು.” ಬಾಸಿನವನು ತಲೆ ಎತ್ತಿ ನನ್ನ ಪರ ಮಾತಾಡಿದ: ಆ ಬಾರ್ ಇಲ್ಲದಿದ್ದರೆ ಈ ಟ್ಯೂನ್ ಯಾರದ್ದೂ ಆಗಬಹುದು.

ಎರಡೂ ಥರ ನುಡಿಸಿದೆವು. ಡಿ ಇಟ್ಟಾಗ ಹಾಡು ತಡೆಯಿಲ್ಲದೆ ಹರಿಯಿತು, ಅವರು ಹೇಳಿದ್ದು ನಿಜ. ಎ ಫ್ಲ್ಯಾಟ್ ಇಟ್ಟಾಗ ಆ ಒಂದೇ ಸ್ವರಕ್ಕೆ ನೋವು ಬಂತು, ಬಾಸಿನವನು ಹೇಳಿದ್ದೂ ನಿಜ.

ಎಡವುವುದು ಕಾರ್ಡಿನಿಂದಲೋ, ನಾನು ಅದಕ್ಕೆ ಜನರನ್ನು ಕರೆದೊಯ್ಯುವ ರೀತಿಯಿಂದಲೋ? ಆರನೇ ಬಾರಿನ ಕೊನೆಯಲ್ಲಿ ಸ್ವಲ್ಪ ಹೆಚ್ಚು ಕಾದು ನೋಡಬೇಕು. ಮೇಯರ್ ಹಾಕಿಯೂ ನೋಡಬೇಕು, ಆ ‘ಡಿ’ಗೆ ಹೊಳಪು ಬೇಡವೇನೋ. ಶುಕ್ರವಾರ ಮತ್ತೆ ಸೇರುತ್ತೇವೆ. ಹಾಳೆಯಲ್ಲಿ ಏಳನೇ ಬಾರನ್ನು ಹಾಗೇ ಇಟ್ಟಿದ್ದೇನೆ. ತೆಗೆಯಲೇಬೇಕೆಂದರೆ ಅವರು ತೆಗೆಯಲಿ. ನಾನಾಗಿ ತೆಗೆಯುವುದಿಲ್ಲ.